ಕ್ರೂಸ್ ಕಂಟ್ರೋಲ್: ನಮ್ಮ ವಿವರಣೆಗಳಲ್ಲಿ ಏನು ಕಾಣೆಯಾಗಿದೆ?

ಕಾರಿನ ಸ್ಟಿಯರಿಂಗ್ ಮೇಲಿರುವ ಒಂದು ಗುಂಡಿಯನ್ನು ಒತ್ತಿ ಆಕ್ಸಲರೇಟರಿನಿಂದ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಓಡುತ್ತಿರುತ್ತದೆ. ಇದೇ ಕ್ರೂಸ್ ಕಂಟ್ರೋಲ್. ಒಂದು ಕಾಲಕ್ಕೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದ ಈ ಸೌಲಭ್ಯ ಈಗ ಮಧ್ಯಮ ದರ್ಜೆಯ ಕಾರುಗಳಿಗೂ ಬಂದಿದೆ. ಹಾಗಾಗಿ ಅದರ ವಿವರಣೆಯೂ ಪತ್ರಿಕೆಗಳ ವಾಹನ ಪುಟಗಳಲ್ಲಿ, ಜಾಹೀರಾತುಗಳಲ್ಲಿ, ಶಾಲಾ ವಿಜ್ಞಾನ ಮೇಳಗಳ ಚಾರ್ಟುಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ನೀವು ಇಂಥ ನಾಲ್ಕಾರು ವಿವರಣೆಗಳನ್ನು ಓದಿದ್ದರೆ ಅವೆಲ್ಲ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುವುದನ್ನು ಗಮನಿಸಿರುತ್ತೀರಿ: ಗುಂಡಿ ಒತ್ತಿದಾಗ ಕಂಪ್ಯೂಟರು ಆಕ್ಸಲರೇಟರನ್ನು ಆ ಸ್ಥಾನದಲ್ಲೇ ಹಿಡಿದಿಡುತ್ತದೆ, ಆದ್ದರಿಂದ ವೇಗ ಸ್ಥಿರವಾಗಿರುತ್ತದೆ.

ಈ ವಾಕ್ಯದ ಮೊದಲ ಅರ್ಧ ತಪ್ಪು. ಎರಡನೆಯ ಅರ್ಧ ಪೂರ್ತಿ ನಿಜವಲ್ಲ. ನಡುವಿನ 'ಆದ್ದರಿಂದ' ಭೌತಶಾಸ್ತ್ರಕ್ಕೆ ವಿರುದ್ಧ. ಒಂದು ಯಂತ್ರದ ಬಗೆಗಿನ ಸಣ್ಣ ತಪ್ಪು ಎಂದು ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ಇಲ್ಲಿ ಕಾಣೆಯಾಗಿರುವುದು ಆ ಯಂತ್ರದ ತಿರುಳೇ. ಮೇಲಾಗಿ ಈ ವಿವರಣೆಯನ್ನು ನಂಬಿದವನು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಪೆಡಲಿನಿಂದ ಕಾಲು ತೆಗೆದಿರುತ್ತಾನೆ.

ಒಂದು ಲೆಕ್ಕ ಮಾಡಿ ನೋಡೋಣ. ಒಳಗಿರುವವರೂ ಸೇರಿ ಕಾರಿನ ರಾಶಿ 1,200 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ವೇಗ ಗಂಟೆಗೆ 80 ಕಿಲೋಮೀಟರ್, ಅಂದರೆ ಸೆಕೆಂಡಿಗೆ 22.2 ಮೀಟರ್. ಸಮತಟ್ಟಾದ ರಸ್ತೆಯಲ್ಲಿ ಇಂಥ ಕಾರನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಟೈರುಗಳ ಉರುಳು ಘರ್ಷಣೆ ಸುಮಾರು 140 ನ್ಯೂಟನ್, ಗಾಳಿಯ ತಡೆ ಸುಮಾರು 210 ನ್ಯೂಟನ್. ಒಟ್ಟು 350 ನ್ಯೂಟನ್ ಬಲವನ್ನು ಎಂಜಿನ್ ಚಕ್ರಗಳ ಮೂಲಕ ಒದಗಿಸುತ್ತಿದ್ದರೆ ವೇಗ ಸ್ಥಿರವಾಗಿರುತ್ತದೆ. ಇದಕ್ಕೆ ಬೇಕಾದ ಸಾಮರ್ಥ್ಯ 7.8 ಕಿಲೋವ್ಯಾಟ್, ಸುಮಾರು ಹತ್ತು ಅಶ್ವಶಕ್ತಿ. ಈಗ ರಸ್ತೆ ಏರುತ್ತದೆ. ತೀರಾ ಕಡಿದಾದ ಘಾಟಿಯೇನಲ್ಲ, 25 ಮೀಟರ್ ಸಾಗಿದರೆ 1 ಮೀಟರ್ ಏರುವಂಥ ಸಾಧಾರಣ ಏರು. ಗುರುತ್ವದಿಂದ ಹಿಂದಕ್ಕೆ ಎಳೆಯುವ ಬಲ ಎಷ್ಟು? 1,200 × 9.8 ÷ 25, ಅಂದರೆ 470 ನ್ಯೂಟನ್. ಬೇಕಾದ ಬಲ ಒಮ್ಮೆಲೇ 350ರಿಂದ 820 ನ್ಯೂಟನ್‌ಗೆ, ಎರಡು ಪಟ್ಟಿಗೂ ಹೆಚ್ಚಾಯಿತು.

ಕಂಪ್ಯೂಟರು ಆಕ್ಸಲರೇಟರನ್ನು ನಿಜವಾಗಿಯೂ 'ಹಿಡಿದಿಟ್ಟಿದ್ದರೆ' ಏನಾಗುತ್ತಿತ್ತು? ಎಂಜಿನ್ ಅದೇ 7.8 ಕಿಲೋವ್ಯಾಟನ್ನು ಕೊಡುತ್ತಲೇ ಇದೆ ಎಂದು ಉದಾರವಾಗಿ ಭಾವಿಸಿದರೂ ಕಾರಿನ ವೇಗ ಗಂಟೆಗೆ 42 ಕಿಲೋಮೀಟರಿಗೆ ಇಳಿದು ನಿಲ್ಲುತ್ತದೆ. ಪಿ.ಯು.ಸಿ. ವಿದ್ಯಾರ್ಥಿಗಳು ಬಲ ಮತ್ತು ವೇಗದ ಗುಣಲಬ್ಧವೇ ಸಾಮರ್ಥ್ಯ ಎಂಬುದನ್ನು ಬಳಸಿ ಇದನ್ನು ತಾವೇ ತಾಳೆ ನೋಡಬಹುದು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಇನ್ನು ಇಳಿಜಾರಿನಲ್ಲಿ ಇದೇ ಕಾರು ನಿಗದಿಯಾದ ವೇಗವನ್ನು ಮೀರಿ ಧಾವಿಸುತ್ತಿತ್ತು. ಅಂದರೆ ಆಕ್ಸಲರೇಟರನ್ನು ಹಿಡಿದಿಟ್ಟರೆ ವೇಗ ಬದಲಾಗುತ್ತಲೇ ಇರುತ್ತದೆ. ವೇಗವನ್ನು ಉಳಿಸಿಕೊಳ್ಳಬೇಕಾದರೆ ಆಕ್ಸಲರೇಟರು ಬದಲಾಗುತ್ತಲೇ ಇರಬೇಕು.

ಏರು ಬಂದಿದೆ ಎಂದು ಈ ಸಾಧನಕ್ಕೆ ಹೇಳುವವರು ಯಾರು? ಯಾರೂ ಇಲ್ಲ. ಸಾಮಾನ್ಯ ಕ್ರೂಸ್ ಕಂಟ್ರೋಲಿಗೆ ರಸ್ತೆ ಕಾಣುವುದಿಲ್ಲ, ಎದುರುಗಾಳಿ ತಿಳಿಯುವುದಿಲ್ಲ, ಹಿಂದಿನ ಸೀಟಿನಲ್ಲಿ ಎಷ್ಟು ಜನ ಕುಳಿತಿದ್ದಾರೆಂಬುದೂ ಗೊತ್ತಿಲ್ಲ. ಅದಕ್ಕೆ ತಿಳಿಯುವುದು ಒಂದೇ ಸಂಗತಿ, ಚಕ್ರಗಳು ಎಷ್ಟು ಬೇಗ ಉರುಳುತ್ತಿವೆ ಎಂಬುದು. ಚಕ್ರದ ಬಳಿ ಹಲ್ಲುಗಳಿರುವ ಒಂದು ಉಂಗುರ, ಅದರ ಪಕ್ಕದಲ್ಲಿ ಕಾಂತೀಯ ಸಂವೇದಕ. ಉಂಗುರದಲ್ಲಿ 48 ಹಲ್ಲುಗಳಿದ್ದು ಚಕ್ರದ ಸುತ್ತಳತೆ 1.9 ಮೀಟರ್ ಇದ್ದರೆ ನಮ್ಮ ಕಾರಿನಲ್ಲಿ ಸೆಕೆಂಡಿಗೆ ಸುಮಾರು 560 ಮಿಡಿತಗಳು ಬರುತ್ತವೆ. ಈ ಸಂವೇದಕವನ್ನು ಕ್ರೂಸ್ ಕಂಟ್ರೋಲಿಗಾಗಿ ಹೊಸದಾಗಿ ಇಡಬೇಕಾಗಿಯೂ ಇಲ್ಲ. 2019ರಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಎ.ಬಿ.ಎಸ್. ಬ್ರೇಕ್ ಕಡ್ಡಾಯ. ಆ ಬ್ರೇಕಿಗೆ ಇದೇ ಸಂವೇದಕ ಬೇಕು. ಪೆಡಲಿನಿಂದ ಎಂಜಿನ್ನಿಗೆ ಕೇಬಲ್ ಹೋಗುವ ಬದಲು ವಿದ್ಯುತ್ ಸಂಕೇತ ಹೋಗುವ ಪದ್ಧತಿಯೂ ಬಂದಿರುವುದರಿಂದ, ಕ್ರೂಸ್ ಕಂಟ್ರೋಲ್ ಸೇರಿಸುವುದೆಂದರೆ ಬಹುಮಟ್ಟಿಗೆ ಕೆಲವು ಗುಂಡಿಗಳನ್ನೂ ಒಂದಷ್ಟು ಪ್ರೋಗ್ರಾಮನ್ನೂ ಸೇರಿಸುವುದು ಎಂದಾಗಿದೆ.

ಮಿಡಿತಗಳಿಂದ ತಿಳಿದ ವೇಗವನ್ನು ಚಾಲಕ ಬಯಸಿದ ವೇಗದಿಂದ ಕಳೆಯಿರಿ. ಉಳಿಯುವುದು 'ದೋಷ'. ದೋಷ ಧನವಾಗಿದ್ದರೆ ಇಂಧನ ಹೆಚ್ಚಿಸಬೇಕು, ಋಣವಾಗಿದ್ದರೆ ಇಳಿಸಬೇಕು. ಫಲವನ್ನು ಅಳೆದು, ಬಯಸಿದ್ದಕ್ಕೆ ಹೋಲಿಸಿ, ಕಂಡ ವ್ಯತ್ಯಾಸದಿಂದಲೇ ಕಾರಣವನ್ನು ತಿದ್ದುವ ಈ ಉಪಾಯಕ್ಕೆ ಋಣಾತ್ಮಕ ಹಿಮ್ಮಾಹಿತಿ ಎಂದು ಹೆಸರು. ನಮ್ಮ ಮೈಯ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲಿರುವುದು, ಶರಾವತಿಯ ವಿದ್ಯುತ್ತು 50 ಹರ್ಟ್ಸ್ ಆವೃತ್ತಿಯ ಹತ್ತಿರವೇ ಇರುವುದು, ಎರಡರ ಹಿಂದೆಯೂ ಇರುವುದು ಇದೇ. ವೇಗ ತಪ್ಪದಿದ್ದರೆ ದೋಷವಿಲ್ಲ, ದೋಷವಿಲ್ಲದಿದ್ದರೆ ಸಾಧನಕ್ಕೆ ಮಾಡಲು ಕೆಲಸವೇ ಇಲ್ಲ. ಜನಪ್ರಿಯ ವಿವರಣೆಗಳು ಹೇಳದೆ ಬಿಡುವುದು ಸರಿಯಾಗಿ ಇದನ್ನೇ. ಕಾರಿಗೆ 'ಮೆದುಳು' ಇದೆ, ಕಾರು 'ಬುದ್ಧಿವಂತ' ಆಗಿದೆ ಎಂದರೆ ಓದುಗನಿಗೆ ಬೆರಗಾಗುತ್ತದೆ, ಆದರೆ ಒಂದು ಕಳೆಯುವ ಲೆಕ್ಕವೂ ಅರ್ಥವಾಗುವುದಿಲ್ಲ.

ಇದನ್ನು ಕಣ್ಣಾರೆ ನೋಡಲು ಕಾರು ಬೇಕಿಲ್ಲ. ದಾವಣಗೆರೆ ಜಿಲ್ಲೆಯಲ್ಲಿ ಹೊನ್ನಾಳಿ, ನ್ಯಾಮತಿಗಳ ಕಡೆ ಗೋವಿನಕೋವಿ ಎಂಬ ಊರಿದೆ. ಅಲ್ಲಿನ ಶಾಲೆಯ ಮಕ್ಕಳಿಗೆ ಕ್ರೂಸ್ ಕಂಟ್ರೋಲ್ ವಿವರಿಸಬೇಕಾದ ಶಿಕ್ಷಕರು ನೀವಾಗಿದ್ದರೆ ಪರದೇಶದ ಕಾರಿನ ಚಿತ್ರವನ್ನು ಗೋಡೆಗೆ ಅಂಟಿಸಬೇಡಿ. ಊರಿನ ಯಾವುದಾದರೂ ಹೊಲದ ಬದುವಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಟ್ರಾಕ್ಟರ್ ಉಳುವುದನ್ನು ಕೇಳಿಸಿ. ನೋಡುವುದಕ್ಕಿಂತ ಕೇಳುವುದೇ ಇಲ್ಲಿ ಮುಖ್ಯ. ಚಾಲಕ ಕೈಯಿಂದ ಎಳೆಯುವ ಆಕ್ಸಲರೇಟರ್ ಸನ್ನೆಯನ್ನು ಒಂದು ಸ್ಥಾನಕ್ಕೆ ತಂದು ಬಿಡುತ್ತಾನೆ, ಮತ್ತೆ ಅದನ್ನು ಮುಟ್ಟುವುದಿಲ್ಲ. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಿದಾಗ ಎಂಜಿನ್ನಿನ ದನಿ ಕೊಂಚ ಕುಗ್ಗುತ್ತದೆ, ಮರುಕ್ಷಣವೇ ಕೊಳವೆಯಿಂದ ಕಪ್ಪು ಹೊಗೆ ಬರುತ್ತದೆ, ಟ್ರಾಕ್ಟರ್ ನಿಲ್ಲದೆ ಮುಂದೆ ಹೋಗುತ್ತದೆ. ಸಡಿಲ ಮಣ್ಣು ಬಂದಾಗ ದನಿ ಏರಿ ಹೊಗೆ ತಿಳಿಯಾಗುತ್ತದೆ. ಚಾಲಕ ಕೈ ಹಾಕದೆಯೇ ಯಾರೋ ಇಂಧನವನ್ನು ಹೆಚ್ಚು ಕಡಿಮೆ ಮಾಡುತ್ತಿದ್ದಾರೆ. ಆ 'ಯಾರೋ' ಇಂಧನ ಪಂಪಿಗೆ ಜೋಡಿಸಿರುವ ಗವರ್ನರ್. ಎಂಜಿನ್ನಿನ ಜೊತೆ ತಿರುಗುವ ಎರಡು ತೂಕದ ತುಂಡುಗಳು ವೇಗ ಹೆಚ್ಚಿದಂತೆ ಹೊರಕ್ಕೆ ಸರಿಯುತ್ತವೆ, ಕುಗ್ಗಿದಂತೆ ಒಳಕ್ಕೆ ಬರುತ್ತವೆ. ಅವುಗಳಿಗೆ ಎದುರಾಗಿ ಒಂದು ಸ್ಪ್ರಿಂಗ್ ಒತ್ತುತ್ತಿರುತ್ತದೆ. ಕೈ ಸನ್ನೆಯಿಂದ ಚಾಲಕ ನಿಗದಿ ಮಾಡುವುದು ಇಂಧನವನ್ನಲ್ಲ, ಈ ಸ್ಪ್ರಿಂಗಿನ ಬಿಗಿಯನ್ನು, ಅಂದರೆ ತನಗೆ ಬೇಕಾದ ವೇಗವನ್ನು. ತೂಕಗಳಿಗೂ ಸ್ಪ್ರಿಂಗಿಗೂ ಆಗುವ ಹಗ್ಗಜಗ್ಗಾಟದಲ್ಲಿ ಇಂಧನದ ದಂಡ ಹಿಂದೆ ಮುಂದೆ ಸರಿಯುತ್ತದೆ. ಕಾರಿನಲ್ಲಿ ಪ್ರೋಗ್ರಾಮು ಮಾಡುವ ಕಳೆಯುವ ಲೆಕ್ಕವನ್ನು ಇಲ್ಲಿ ಒಂದು ಸ್ಪ್ರಿಂಗ್ ಮಾಡುತ್ತಿದೆ.

ಇಂಥ ಗವರ್ನರುಗಳಿರುವ ಡೀಸೆಲ್ ಪಂಪುಗಳು ಕರ್ನಾಟಕಕ್ಕೆ ಹೊಸವಲ್ಲ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಮೈಕೋ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ, ದಶಕಗಳ ಕಾಲ ಇವನ್ನು ತಯಾರಿಸಿತು. ನಮ್ಮಲ್ಲಿ ತಲೆಮಾರುಗಟ್ಟಲೆ ಮೆಕ್ಯಾನಿಕ್ಕುಗಳು ಬಿಚ್ಚಿ ಜೋಡಿಸಿದ ಸಾಧನದ ಭೌತಶಾಸ್ತ್ರ ನಮ್ಮ ತರಗತಿಗಳಿಗೆ ಬಾರದೆ ಹೊರಗೇ ಉಳಿಯಿತೆಂಬುದು ನನ್ನ ದೊಡ್ಡ ಆಕ್ಷೇಪ.

ಟ್ರಾಕ್ಟರಿನ ದನಿಗೆ ಮರಳೋಣ. ಗಟ್ಟಿ ನೆಲದಲ್ಲಿ ದನಿ ಕುಗ್ಗಿತು, ನಿಜ. ಆದರೆ ಗಟ್ಟಿ ನೆಲ ಮುಗಿಯುವವರೆಗೂ ಅದು ಮೊದಲಿನ ಮಟ್ಟಕ್ಕೆ ಬರಲಿಲ್ಲ. ಏಕೆ? ಹೆಚ್ಚು ಇಂಧನ ಹೋಗಬೇಕಾದರೆ ತೂಕಗಳು ಒಳಗೆ ಸರಿದಿರಬೇಕು. ತೂಕಗಳು ಒಳಗೆ ಸರಿದಿರಬೇಕಾದರೆ ವೇಗ ಕುಗ್ಗಿರಬೇಕು. ತಿದ್ದುಪಡಿ ಇರುವಷ್ಟು ಕಾಲ ದೋಷವೂ ಇರಲೇಬೇಕು! ಈಗ ನಮ್ಮ ಕಾರಿಗೂ ಇಂಥದೇ ಸರಳ ನಿಯಮ ಕೊಡೋಣ: ವೇಗ ಸೆಕೆಂಡಿಗೆ 1 ಮೀಟರ್ ಕುಗ್ಗಿದರೆ 200 ನ್ಯೂಟನ್ ಬಲ ಹೆಚ್ಚಿಸು. ವೇಗ ಕುಗ್ಗಿದಾಗ ಗಾಳಿಯ ತಡೆಯೂ ಸೆಕೆಂಡಿಗೆ 1 ಮೀಟರಿಗೆ 19 ನ್ಯೂಟನ್‌ನಷ್ಟು ಇಳಿಯುತ್ತದೆ. 470 ನ್ಯೂಟನ್ ಏರನ್ನು ಸರಿದೂಗಿಸಲು ಬೇಕಾದ ದೋಷ 470 ÷ 219, ಅಂದರೆ ಸೆಕೆಂಡಿಗೆ 2.15 ಮೀಟರ್. ಕಾರು ಏರಿನುದ್ದಕ್ಕೂ 80ರ ಬದಲು ಗಂಟೆಗೆ ಸುಮಾರು 72 ಕಿಲೋಮೀಟರಿನಲ್ಲೇ ಹೋಗುತ್ತದೆ. 200ನ್ನು 400 ಮಾಡಿ. ಕೊರತೆ ಗಂಟೆಗೆ 4 ಕಿಲೋಮೀಟರಿಗೆ ಇಳಿಯುತ್ತದೆ, ಸೊನ್ನೆ ಆಗುವುದಿಲ್ಲ. ಎಷ್ಟು ಹೆಚ್ಚಿಸಿದರೂ ಸೊನ್ನೆ ಆಗದು. ಮಿತಿಮೀರಿ ಹೆಚ್ಚಿಸಿದರೆ ಎಂಜಿನ್ ತಡವಾಗಿ ಸ್ಪಂದಿಸುವ ಕಾರಣ ಕಾರು ಜಗ್ಗಾಡತೊಡಗುತ್ತದೆ.

ಈ ಭೇದವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲೇ ಗುರುತಿಸಿದ್ದ. ವಿದ್ಯುತ್ಕಾಂತ ಸಮೀಕರಣಗಳ ಮ್ಯಾಕ್ಸ್‌ವೆಲ್ಲೇ ಇವನು. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿಯಂತ್ರಕ್ಕೆ ಗವರ್ನರ್ ಜೋಡಿಸಿ ಎಂಬತ್ತು ವರ್ಷಗಳಾಗಿದ್ದವು. ದೋಷವನ್ನು ಕಡಿಮೆ ಮಾಡುವ ಸಾಧನಗಳು ಬೇರೆ, ದೋಷವನ್ನು ಪೂರ್ತಿ ಅಳಿಸುವ ಸಾಧನಗಳು ಬೇರೆ ಎಂದು ಮ್ಯಾಕ್ಸ್‌ವೆಲ್ ವಿಂಗಡಿಸಿದ. ಮೊದಲನೆಯವಕ್ಕೆ ಮಾಡರೇಟರ್ ಎಂದೂ ಎರಡನೆಯವಕ್ಕೆ ಮಾತ್ರ ಗವರ್ನರ್ ಎಂದೂ ಕರೆದ. ಅವನ ಲೆಕ್ಕದಲ್ಲಿ ನಮ್ಮ ಟ್ರಾಕ್ಟರಿನದು ಬರಿಯ ಮಾಡರೇಟರ್.

ದೋಷವನ್ನು ಪೂರ್ತಿ ಅಳಿಸುವ ಉಪಾಯ ಯಾವುದು? ನೆನಪು. ಈ ಕ್ಷಣದ ದೋಷವನ್ನು ಮಾತ್ರ ನೋಡದೆ ಇದುವರೆಗಿನ ದೋಷಗಳನ್ನೆಲ್ಲ ಕೂಡಿಸುತ್ತ ಹೋಗಿ, ಆ ಮೊತ್ತಕ್ಕೆ ಅನುಪಾತವಾಗಿ ಇನ್ನಷ್ಟು ಬಲ ಕೊಡುವುದು. ದೋಷ ಸೊನ್ನೆಯಾದಾಗ ಮೊತ್ತ ಬೆಳೆಯುವುದು ನಿಲ್ಲುತ್ತದೆ, ಅಳಿದುಹೋಗುವುದಿಲ್ಲ. ಏರಿಗೆ ಬೇಕಾದ 470 ನ್ಯೂಟನ್ ಆ ಮೊತ್ತದಿಂದಲೇ ಬರುತ್ತಿರುತ್ತದೆ, ವೇಗ ಸರಿಯಾಗಿ 80 ಆಗಿರುತ್ತದೆ. ಅನುಕಲನ ಎಂಬ ಅಧ್ಯಾಯ ಯಾವುದಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಕಾಗದದ ಮೇಲೆ ಸೆಕೆಂಡು ಸೆಕೆಂಡಿಗೆ ಲೆಕ್ಕ ಹಾಕಿ ನೋಡಿ. ಮೊದಲ ನಿಯಮವೊಂದೇ ಇದ್ದರೆ ಏರು ಶುರುವಾದ ಮೇಲೆ ದೋಷ ಒಂದನೆಯ ಸೆಕೆಂಡಿಗೆ 0.39, ಎರಡನೆಯದಕ್ಕೆ 0.71, ಮೂರನೆಯದಕ್ಕೆ 0.97 ಹೀಗೆ ಬೆಳೆದು 2.15ರಲ್ಲಿ ನಿಲ್ಲುತ್ತದೆ. ದೋಷಗಳ ಮೊತ್ತವನ್ನು 10ರಿಂದ ಗುಣಿಸಿ ಆ ಬಲವನ್ನೂ ಸೇರಿಸಿದರೆ ದೋಷ 1.6ರ ಹತ್ತಿರ ಹೋಗಿ, ಸುಮಾರು ಒಂದು ನಿಮಿಷದಲ್ಲಿ ಬಹುತೇಕ ಸೊನ್ನೆಗೆ ಮರಳುತ್ತದೆ. 10ರ ಬದಲು 60 ಇಟ್ಟರೆ ಬೇಗ ಮರಳುತ್ತದೆ, ಆದರೆ 80ನ್ನು ದಾಟಿ ಆಚೆ ಹೋಗಿ ಹಿಂದಿರುಗುತ್ತದೆ. ಈ ಸಂಖ್ಯೆಗಳನ್ನು ಆರಿಸುವುದೇ ಎಂಜಿನಿಯರರ ಕೆಲಸ.

ನೆನಪಿಗೂ ತೊಂದರೆಗಳಿವೆ. ಏರು ಎಂಜಿನ್ನಿನ ಶಕ್ತಿಯನ್ನೇ ಮೀರಿದ್ದರೆ ದೋಷ ಅಳಿಯುವುದಿಲ್ಲ, ಮೊತ್ತ ಮಾತ್ರ ಬೆಳೆಯುತ್ತಲೇ ಹೋಗುತ್ತದೆ; ಏರು ಮುಗಿದ ಕೂಡಲೇ ಕಾರು ಹಳೆಯ ಬಾಕಿ ತೀರಿಸುವಂತೆ ಮುನ್ನುಗ್ಗುತ್ತದೆ. ಹಾಗಾಗದಂತೆ ಎಂಜಿನ್ ತನ್ನ ಮಿತಿ ಮುಟ್ಟಿದಾಗ ಕೂಡಿಸುವುದನ್ನು ನಿಲ್ಲಿಸಬೇಕು. ಕ್ಲಚ್ ಒತ್ತಿದೊಡನೆ ಕ್ರೂಸ್ ಕಂಟ್ರೋಲ್ ಕಡಿದುಹೋಗುವುದೂ ಇಂಥದೇ ಕಾರಣಕ್ಕೆ. ಕ್ಲಚ್ ಒತ್ತಿದಾಗ ಕಾರು ನಿಧಾನವಾಗುತ್ತದೆ, ಸಾಧನ ಇಂಧನ ಹೆಚ್ಚಿಸುತ್ತದೆ, ಭಾರವಿಲ್ಲದ ಎಂಜಿನ್ ಅಬ್ಬರಿಸುತ್ತದೆ. ನೀರು ನಿಂತ ರಸ್ತೆಯಲ್ಲಿ ಇದನ್ನು ಬಳಸಬಾರದೆಂದು ಕೈಪಿಡಿಗಳು ಹೇಳುವುದಕ್ಕೂ ಕಾರಣವಿದೆ: ಅದು ಅಳೆಯುವುದು ಚಕ್ರವನ್ನು, ರಸ್ತೆಯನ್ನಲ್ಲ. 'ಮಳೆಯಲ್ಲಿ ಬಳಸಬೇಡಿ' ಎಂಬ ಸಾಲನ್ನು ಕಾರಣವಿಲ್ಲದೆ ಅಚ್ಚು ಹಾಕುವ ನಮ್ಮ ಪತ್ರಿಕೆಗಳಿಗೆ ಕಾರಣವನ್ನೂ ಸೇರಿಸಲು ಒಂದು ಸಾಲು ಸಾಕಾಗುತ್ತಿತ್ತು.

ಬದಲಾಗಿ ಆ ಜಾಗ ಹೋಗುವುದು ರಾಲ್ಫ್ ಟೀಟರನ ಕಥೆಗೆ. ಐದು ವರ್ಷದವನಿದ್ದಾಗ ದೃಷ್ಟಿ ಕಳೆದುಕೊಂಡ ಈ ಅಮೆರಿಕನ್ ಎಂಜಿನಿಯರನಿಗೆ 1950ರಲ್ಲಿ ಪೇಟೆಂಟ್ ದೊರೆಯಿತು. ಕಥೆ ನಿಜ, ಮನಮುಟ್ಟುವಂಥದು, ಹೇಳಬೇಕಾದದ್ದೇ. ಆದರೆ ಅವನ ಪೇಟೆಂಟಿನ ಶೀರ್ಷಿಕೆಯನ್ನು ಎಷ್ಟು ಜನ ಗಮನಿಸಿದ್ದಾರೆ? ಅದರಲ್ಲಿರುವುದು ಆಕ್ಸಲರೇಟರಿನ ಚಲನೆಯನ್ನು ಪ್ರತಿರೋಧಿಸುವ ವೇಗ ನಿಯಂತ್ರಣ ಸಾಧನ ಎಂಬ ಅರ್ಥದ ಮಾತು. ನಿಗದಿಯಾದ ವೇಗ ಮುಟ್ಟಿದಾಗ ಪೆಡಲು ಚಾಲಕನ ಪಾದವನ್ನು ಹಿಂದಕ್ಕೆ ಒತ್ತಿ ಎಚ್ಚರಿಸುತ್ತಿತ್ತು. 1958ರಲ್ಲಿ ಕ್ರೈಸ್ಲರ್ ಕಂಪನಿ ಇದರ ಸುಧಾರಿತ ರೂಪವನ್ನು ತನ್ನ ಇಂಪೀರಿಯಲ್ ಕಾರಿನಲ್ಲಿ ಕೊಟ್ಟಾಗ ಇಟ್ಟ ಹೆಸರು 'ಆಟೋ ಪೈಲಟ್'. ಮಾಡುವ ಕೆಲಸಕ್ಕಿಂತ ಹೆಸರು ದೊಡ್ಡದಾದದ್ದು ಅಂದಿನಿಂದ. ನಮ್ಮ ಪಠ್ಯಪುಸ್ತಕಗಳು 'ಜವ' ಮತ್ತು 'ವೇಗ' ಎಂದು ಭೇದ ಮಾಡುತ್ತವಲ್ಲ, ಆ ಪ್ರಕಾರ ಇದು ಜವ ನಿಯಂತ್ರಕವೇ ಹೊರತು ವೇಗ ನಿಯಂತ್ರಕವಲ್ಲ. ದಿಕ್ಕು ಯಾವಾಗಲೂ ನಿಮ್ಮ ಕೈಯಲ್ಲೇ ಇದೆ.

ಇನ್ನೊಂದು ಗೊಂದಲ ಲಾರಿ, ಬಸ್ಸುಗಳಲ್ಲಿರುವ ವೇಗಮಿತಿ ಸಾಧನದ್ದು. ಅದನ್ನೂ ಜನ 'ಸ್ಪೀಡ್ ಗವರ್ನರ್' ಎಂದೇ ಕರೆಯುವುದರಿಂದ ಚಾರ್ಟುಗಳಲ್ಲಿ ಎರಡೂ ಒಂದಾಗಿಬಿಡುತ್ತವೆ. ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿಲೋಮೀಟರ್ ಮಿತಿಯ ಸಾಧನ ಇರಬೇಕೆಂದು 2015ರ ನಿಯಮ ಹೇಳಿತು. ಅದು ಮೇಲಿನ ಗಡಿಯನ್ನು ಮಾತ್ರ ಕಾಯುತ್ತದೆ. 80ಕ್ಕಿಂತ ಕೆಳಗೆ ಚಾಲಕನ ಕಾಲಿಗೆ ಪೂರ್ಣ ಸ್ವಾತಂತ್ರ್ಯ. ಇಂಧನ ಉಳಿತಾಯವಾಗುತ್ತದೆಂಬ ಮಾತನ್ನೂ ಸಮತಟ್ಟಾದ ರಸ್ತೆಗೆ ಮಾತ್ರ ಒಪ್ಪಬಹುದು. ಏರಿಳಿತಗಳ ದಾರಿಯಲ್ಲಿ ಏರಿನಲ್ಲಿ ತುಸು ನಿಧಾನಿಸಿ ಇಳಿಜಾರಿನಲ್ಲಿ ವೇಗ ತುಂಬಿಕೊಳ್ಳುವ ಅನುಭವಿ ಚಾಲಕ ಯಂತ್ರಕ್ಕಿಂತ ಕಡಿಮೆ ಇಂಧನದಲ್ಲಿ ಮುಟ್ಟಬಲ್ಲ.

ಈಗ ಬರುತ್ತಿರುವ 'ಅಡಾಪ್ಟಿವ್' ಮಾದರಿಯ ವಿವರಣೆಗಳಲ್ಲಿ ತಪ್ಪಿನ ಬೆಲೆ ಇನ್ನೂ ಹೆಚ್ಚು. ಇದು ಮುಂದಿನ ವಾಹನದ ದೂರವನ್ನೂ ಅಳೆದು ಅಂತರ ಕಾಯ್ದುಕೊಳ್ಳುತ್ತದೆ, ಬೇಕಾದಾಗ ಬ್ರೇಕನ್ನೂ ಹಾಕುತ್ತದೆ. ಸಾಮಾನ್ಯವಾಗಿ ಬಳಸುವ ರೇಡಾರ್ 77 ಗಿಗಾಹರ್ಟ್ಸ್‌ನದು. ಮುಂದಿನ ಲಾರಿ ನಿಮಗೆ ಸೆಕೆಂಡಿಗೆ 10 ಮೀಟರ್ ದರದಲ್ಲಿ ಹತ್ತಿರವಾಗುತ್ತಿದ್ದರೆ ಡಾಪ್ಲರ್ ಪರಿಣಾಮದಿಂದ ಮರಳಿದ ಅಲೆಯ ಆವೃತ್ತಿ ಸುಮಾರು 5,100 ಹರ್ಟ್ಸ್ ಹೆಚ್ಚಾಗಿರುತ್ತದೆ. ಚಲಿಸುವ ವಾಹನಕ್ಕೆ ಇದು ಸೊಗಸಾದ ಅಳತೆ. ಆದರೆ ಸೇತುವೆ, ಫಲಕ, ರಸ್ತೆ ವಿಭಜಕದ ಕಂಬಿ ಇವೆಲ್ಲ ನಿಂತ ವಸ್ತುಗಳೇ. ಇವುಗಳಿಂದ ಮರಳುವ ಪ್ರತಿಯೊಂದು ಅಲೆಗೂ ಬ್ರೇಕ್ ಹಾಕಿದರೆ ಕಾರು ಮುಂದೆ ಹೋಗಲಾರದು. ಹಾಗಾಗಿ ಇಂಥ ಅನೇಕ ವ್ಯವಸ್ಥೆಗಳು ಮೊದಲಿನಿಂದಲೂ ನಿಂತೇ ಇರುವ ವಸ್ತುಗಳಿಗೆ ಕಡಿಮೆ ಬೆಲೆ ಕೊಡುತ್ತವೆ. ನಿಂತ ವಾಹನಕ್ಕೆ ಸ್ಪಂದಿಸದೇ ಇರಬಹುದೆಂದು ಕೈಪಿಡಿಗಳಲ್ಲೇ ಎಚ್ಚರಿಕೆ ಇರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ನಿಲ್ಲಲು, ಚಾಲಕ ಸ್ಪಂದಿಸುವ ಒಂದೂವರೆ ಸೆಕೆಂಡೂ ಸೇರಿ, ಒಣ ರಸ್ತೆಯಲ್ಲಿ ಸುಮಾರು 100 ಮೀಟರ್ ಬೇಕು. ದಾವಣಗೆರೆ, ಹಾವೇರಿಗಳ ಹೆದ್ದಾರಿಯ ಅಂಚಿನಲ್ಲಿ ಹಿಂದೀಪವಿಲ್ಲದೆ ಕೆಟ್ಟು ನಿಂತ ಟ್ರೇಲರ್ ಒಂದನ್ನು ಊಹಿಸಿಕೊಳ್ಳಿ. 'ಕಾರು ತಾನೇ ನೋಡಿಕೊಳ್ಳುತ್ತದೆ' ಎಂಬ ಜಾಹೀರಾತಿನ ಮಾತನ್ನು ವಿಜ್ಞಾನದ ಪುಟದಲ್ಲಿ ಹಾಗೆಯೇ ಅಚ್ಚು ಹಾಕುವುದು ಏಕೆ ಅಕ್ಷಮ್ಯ ಎಂಬುದು ಆಗ ತಿಳಿಯುತ್ತದೆ.

ವಿಜ್ಞಾನ ಮೇಳದಲ್ಲಿ ತೀರ್ಪುಗಾರರಾಗಿ ಕೂರುವ ಶಿಕ್ಷಕರಿಗೆ ಒಂದು ಸೂಚನೆ. ಬ್ಯಾಟರಿ, ಪುಟ್ಟ ಮೋಟಾರು, ಸ್ವಿಚ್ಚು ಇಟ್ಟು 'ಕ್ರೂಸ್ ಕಂಟ್ರೋಲ್ ಕಾರು' ಎಂದು ಬರೆದ ಮಾದರಿ ನಿಮ್ಮ ಮುಂದೆ ಬಂದರೆ ತಿರುಗುವ ಚಕ್ರಕ್ಕೆ ಬೆರಳನ್ನು ಹಗುರಾಗಿ ಒತ್ತಿ. ವೇಗ ಇಳಿದು ಇಳಿದಲ್ಲೇ ಉಳಿದು, ಬೆರಳು ತೆಗೆದಾಗ ಮಾತ್ರ ಮೊದಲಿನಂತಾದರೆ ಮಾದರಿಯಲ್ಲಿ ಬ್ಯಾಟರಿಯ ಹೊರತು ಬೇರೇನೂ ಇಲ್ಲ. ಇಳಿದ ವೇಗ ಬೆರಳು ಒತ್ತಿರುವಾಗಲೇ ಮೇಲೆ ಬಂದು, ಬೆರಳು ತೆಗೆದ ಕೂಡಲೇ ಚಕ್ರ ಒಂದು ಕ್ಷಣ ಹೆಚ್ಚು ಜೋರಾಗಿ ತಿರುಗಿ ಮತ್ತೆ ಮೊದಲಿನ ವೇಗಕ್ಕೆ ಇಳಿದರೆ, ಹಾಗೇಕಾಯಿತೆಂದು ಆ ವಿದ್ಯಾರ್ಥಿಯನ್ನೇ ಕೇಳಿ.